‘ನಾರ್ಮಲ್’ ಎಂದು ನಾನು ಬರೆದ ಆ ರಾತ್ರಿ

ಭಾನುವಾರದ ಪೂಜೆ ಮುಗಿದು ಇಗರ್ಜಿಯ ಅಂಗಳಕ್ಕೆ ಇಳಿಯುವಾಗ ಯಾರಾದರೊಬ್ಬರು ನನ್ನನ್ನು ಬದಿಗೆ ಕರೆಯುವುದು ಈಗ ವಾಡಿಕೆಯೇ ಆಗಿಬಿಟ್ಟಿದೆ. ಅಂಗಿಯ ಕಿಸೆಯಿಂದಲೋ ವ್ಯಾನಿಟಿ ಬ್ಯಾಗಿನಿಂದಲೋ ನಾಲ್ಕು ಮಡಿಕೆಯ ಒಂದು ಕಾಗದ ಹೊರಬರುತ್ತದೆ. “ಸಿಸ್ಟರ್, ಇದೊಂದು ನೋಡಿ. ಕಿಡ್ನಿಯದ್ದು. ಎಲ್ಲ ನಾರ್ಮಲ್ ಅಲ್ವಾ?” (ನಾನು ಕಾನ್ವೆಂಟಿನ ಸಿಸ್ಟರ್ ಅಲ್ಲ, ಆಸ್ಪತ್ರೆಯ ಸಿಸ್ಟರ್. ಎರಡಕ್ಕೂ ನಮ್ಮಲ್ಲಿ ಒಂದೇ ಹೆಸರು.) ಕೊಡುವವರು ಆಗಲೇ ಒಂದು ಸಲ ನೋಡಿಯೇ ಇರುತ್ತಾರೆ. ಅಂಕೆಯ ಪಕ್ಕದಲ್ಲಿ ನಕ್ಷತ್ರದ ಗುರುತು ಇದೆಯೇ, ದಪ್ಪಕ್ಷರದಲ್ಲಿ ಅಚ್ಚಾಗಿದೆಯೇ ಎಂದಷ್ಟೇ ಅವರು ಹುಡುಕುವುದು. ಇಲ್ಲದಿದ್ದರೆ ಸಮಾಧಾನ.

ಅವರನ್ನು ದೂರುವ ಹಕ್ಕು ನನಗಿಲ್ಲ. ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದಾಗ ನಾನೂ ಹಾಗೆಯೇ ನೋಡಿದ್ದೆ.

2014ರ ಮಳೆಗಾಲ. ಗಡಿಯಾಚೆ ನಮ್ಮ ಕಡೆಯವರೇ ಹೆಚ್ಚಾಗಿ ಬರುವ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡು. ರಾತ್ರಿ ಪಾಳಿ. ಮೂರು ದಿನದಿಂದ ವಾಂತಿ, ಭೇದಿ, ಜ್ವರ ಎಂದು ಸುಮಾರು ಅರವತ್ತೆರಡು ವರ್ಷದ ಒಬ್ಬ ಅಮ್ಮನನ್ನು ಅಂದು ಮಧ್ಯಾಹ್ನ ದಾಖಲು ಮಾಡಿದ್ದರು. ಬೀಡಿ ಕಟ್ಟಿ ಮಕ್ಕಳನ್ನು ಬೆಳೆಸಿದ ಹೆಂಗಸು. ಮೈಯಲ್ಲಿ ಮಾಂಸವೇ ಇಲ್ಲ, ತೂಕ 45 ಕಿಲೋ. ರಕ್ತದೊತ್ತಡಕ್ಕೆ ಎನಲಾಪ್ರಿಲ್ ಮಾತ್ರೆ ನುಂಗುತ್ತಿದ್ದರು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದ ಮಾತ್ರೆ ಬೇರೆ. ರಾತ್ರಿ ಎಂಟೂವರೆಗೆ ಲ್ಯಾಬಿನಿಂದ ರಿಪೋರ್ಟು ಬಂತು. ಯೂರಿಯಾ 58, ಪಕ್ಕದಲ್ಲಿ ನಕ್ಷತ್ರ. ಕ್ರಿಯಾಟಿನಿನ್ 1.1, ನಕ್ಷತ್ರ ಇಲ್ಲ. ಆ ಲ್ಯಾಬಿನ ಮಿತಿ 0.6ರಿಂದ 1.2. ಮೈಯಲ್ಲಿ ನೀರು ಕಡಿಮೆಯಾದಾಗ ಯೂರಿಯಾ ಏರುವುದು ಸಹಜ ಎಂದುಕೊಂಡು, ಚಾರ್ಟಿನಲ್ಲಿ ‘ಕ್ರಿಯಾಟಿನಿನ್ 1.1, ನಾರ್ಮಲ್’ ಎಂದು ಬರೆದೆ. ಹತ್ತು ಗಂಟೆಗೆ ಮಂಡಿನೋವೆಂದು ಅವರು ನರಳಿದಾಗ ಡೈಕ್ಲೊಫೆನಾಕ್ ಇಂಜೆಕ್ಷನ್ ಕೊಟ್ಟವಳೂ ನಾನೇ. ಆರ್ಡರ್ ಇತ್ತು. ಬೆಳಗ್ಗೆ ಆರಕ್ಕೆ ಅಮಿಕಾಸಿನ್ ಕೊಡುವುದಕ್ಕೂ ಆರ್ಡರ್ ಇತ್ತು.

ರಾತ್ರಿ ಎರಡಕ್ಕೆ ನಮ್ಮ ನೈಟ್ ಸೂಪರ್ವೈಸರ್ ರೌಂಡ್ಸಿಗೆ ಬಂದರು. ವಯನಾಡಿನ ಕಡೆಯವರು, ಮಾತು ಕಡಿಮೆ. ಆ ಮಂಚದ ಬಳಿ ನಿಂತು, ಬಗ್ಗಿ ಮೂತ್ರದ ಚೀಲವನ್ನು ಎತ್ತಿ ನೋಡಿದರು. 80 ಎಂ.ಎಲ್.

“ಇದು ಎಷ್ಟು ಗಂಟೆಯಿಂದ?”

“ಎಂಟರಿಂದ, ಸಿಸ್ಟರ್.”

“ತೂಕ?”

“ನಲ್ವತ್ತೈದು.”

ಕಿಲೋ ಒಂದಕ್ಕೆ ಗಂಟೆಗೆ ಅರ್ಧ ಎಂ.ಎಲ್. ಎಂಬ ಲೆಕ್ಕ ಕಾಲೇಜಿನಲ್ಲಿ ನಾನೂ ಬಾಯಿಪಾಠ ಮಾಡಿದ್ದೆ. 45 ಕಿಲೋಗೆ ಗಂಟೆಗೆ ಇಪ್ಪತ್ತೆರಡೂವರೆ, ಆರು ಗಂಟೆಗೆ 135. ಚೀಲದಲ್ಲಿ ಇದ್ದುದು 80. ಅವರು ಮೊದಲು ಕೆಥೆಟರಿನ ಕೊಳವೆ ಎಲ್ಲಾದರೂ ಮಡಚಿದೆಯೇ, ಕಾಲಿನಡಿ ಸಿಕ್ಕಿದೆಯೇ ಎಂದು ನೋಡಿದರು. ಕಿಬ್ಬೊಟ್ಟೆ ಮುಟ್ಟಿ ಮೂತ್ರಕೋಶ ತುಂಬಿಲ್ಲ ಎಂದು ಖಚಿತಪಡಿಸಿಕೊಂಡರು. ಆಮೇಲೆ ಚಾರ್ಟು ತೆರೆದು ನಾನು ಬರೆದದ್ದನ್ನು ಓದಿ ಒಂದೇ ಪ್ರಶ್ನೆ ಕೇಳಿದರು: “ಹಳೆಯದು ಎಷ್ಟಿತ್ತು?”

ನನ್ನಲ್ಲಿ ಉತ್ತರ ಇರಲಿಲ್ಲ. ಮಂಚದ ಕೆಳಗೆ ಚಾಪೆಯಲ್ಲಿ ಮಲಗಿದ್ದ ಮಗಳನ್ನು ಎಬ್ಬಿಸಿದೆವು. ಪುಣ್ಯಕ್ಕೆ ಆಕೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತಾಯಿಯ ಎಲ್ಲ ಕಾಗದಗಳನ್ನೂ ತಂದಿದ್ದಳು. ಮಾರ್ಚ್ ತಿಂಗಳಲ್ಲಿ ಕಣ್ಣಿನ ಪೊರೆಯ ಆಪರೇಷನ್ನಿಗೆ ಮೊದಲು ಮಾಡಿಸಿದ ರಕ್ತಪರೀಕ್ಷೆ ಅದರಲ್ಲಿತ್ತು. ಕ್ರಿಯಾಟಿನಿನ್ 0.6.

0.6 ಇದ್ದದ್ದು 1.1 ಆಗಿದೆ ಎಂದರೆ ಹತ್ತಿರಹತ್ತಿರ ಎರಡು ಪಟ್ಟು. ಲ್ಯಾಬಿನ ಮಿತಿಯೊಳಗೇ ಕುಳಿತು ಆ ಕಿಡ್ನಿಗಳು ಅರ್ಧದಷ್ಟು ಕೆಲಸ ನಿಲ್ಲಿಸಿದ್ದವು!

ಡ್ಯೂಟಿ ಡಾಕ್ಟರಿಗೆ ಫೋನು ಹೋಯಿತು. ರಕ್ತದೊತ್ತಡ 90ಕ್ಕೆ 60. ಸಲೈನ್ ವೇಗವಾಗಿ ಕೊಡಲಾಯಿತು, ಡೈಕ್ಲೊಫೆನಾಕ್ ಮತ್ತು ಎನಲಾಪ್ರಿಲ್ ನಿಂತವು, ಅಮಿಕಾಸಿನ್ ಬದಲಿಗೆ ಬೇರೆ ಆಂಟಿಬಯೋಟಿಕ್ ಬಂತು. ಆದರೂ ಬೆಳಗ್ಗೆ ಕ್ರಿಯಾಟಿನಿನ್ 1.9, ಮೂರನೆಯ ದಿನ 2.4. ಮಗಳು ಅಳುತ್ತಾ, “ಔಷಧ ಕೊಟ್ಟಷ್ಟೂ ಜಾಸ್ತಿ ಆಗ್ತಾ ಇದೆಯಲ್ಲ ಸಿಸ್ಟರ್” ಎಂದಳು. ಚೀಲದಲ್ಲಿ ಮಾತ್ರ ಬೇರೆಯೇ ಸುದ್ದಿ ಇತ್ತು: ಎರಡನೆಯ ದಿನದಿಂದಲೇ ಗಂಟೆಗೆ 30, 40 ಎಂ.ಎಲ್. ಬರತೊಡಗಿತ್ತು. ಐದನೆಯ ದಿನ 1.6. ಒಂಬತ್ತನೆಯ ದಿನ 0.8ರಲ್ಲಿ ಆ ಅಮ್ಮ ಮನೆಗೆ ಹೋದರು. ಡಯಾಲಿಸಿಸ್ ಬೇಕಾಗಲಿಲ್ಲ.

ತೋಟದ ಕಣಿಯ ಲೆಕ್ಕ

ಆ ಮಗಳಿಗೆ ಅಂದು ನಾನು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಅಡಕೆ ತೋಟ ಇದ್ದವರಿಗೆ ಬೇಗ ಅರ್ಥವಾಗುತ್ತದೆ. ಮಳೆಗಾಲದಲ್ಲಿ ತೋಟದ ಕಣಿಗೆ ಸೋಗೆ ಬಿದ್ದು ಕಟ್ಟಿಕೊಂಡಿತು ಎನ್ನೋಣ. ಕಟ್ಟಿದ ಕ್ಷಣವೇ ಬುಡದಲ್ಲಿ ಮೊಣಕಾಲುದ್ದ ನೀರು ನಿಲ್ಲುವುದಿಲ್ಲ. ಸಂಜೆಯ ಹೊತ್ತಿಗೆ ತುಂಬುತ್ತದೆ. ಸೋಗೆ ಎಳೆದುಹಾಕಿದರೂ ನೀರು ಕೂಡಲೇ ಇಳಿಯುವುದಿಲ್ಲ. ನಿಂತ ನೀರಿನ ಮಟ್ಟವೇ ಕ್ರಿಯಾಟಿನಿನ್. ಕಣಿಯಲ್ಲಿ ಹರಿಯುವ ನೀರು ಮೂತ್ರ. ಮಟ್ಟ ತಿಳಿಸುವುದು ನಿನ್ನೆಯ ಸುದ್ದಿ, ಹರಿವು ತಿಳಿಸುವುದು ಈ ಗಂಟೆಯದು.

ಕ್ರಿಯಾಟಿನಿನ್ ಎಂದರೆ ನಮ್ಮ ಸ್ನಾಯುಗಳು ದಿನನಿತ್ಯ ಹೊರಹಾಕುವ ಒಂದು ಕಸ. ಎರಡೂ ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು, ಒಂದೆರಡು ಲೀಟರನ್ನಷ್ಟೇ ಮೂತ್ರವಾಗಿ ಬಿಡುತ್ತವೆ. ಈ ಕಸವೂ ಅದರ ಜೊತೆ ಹೋಗುತ್ತದೆ. ಸೋಸುವ ಶಕ್ತಿ ಅರ್ಧವಾದರೆ ರಕ್ತದಲ್ಲಿ ಕ್ರಿಯಾಟಿನಿನ್ ನಿಧಾನವಾಗಿ ಇಮ್ಮಡಿಯಾಗಿ ನಿಲ್ಲುತ್ತದೆ. ಮಾಂಸಖಂಡ ಹೆಚ್ಚಿದ್ದವರಲ್ಲಿ ಈ ಕಸ ಹೆಚ್ಚು, ಬಡಕಲು ಮೈಯವರಲ್ಲಿ ಕಡಿಮೆ. ಮೂಟೆ ಹೊರುವ ಗಟ್ಟಿಮುಟ್ಟಾದ ಯುವಕನಿಗೆ 1.2 ಸಹಜವಿರಬಹುದು. ಹಾಸಿಗೆ ಹಿಡಿದ ಅಜ್ಜಿಗೆ ಅದೇ ಅಂಕೆ ಅಪಾಯದ ಗಂಟೆ. ಗರ್ಭಿಣಿಯರಲ್ಲಿ ಕಿಡ್ನಿ ಹೆಚ್ಚು ಸೋಸುವುದರಿಂದ ಕ್ರಿಯಾಟಿನಿನ್ ಸಾಮಾನ್ಯವಾಗಿ 0.4ರಿಂದ 0.8ರೊಳಗೆ ಇರುತ್ತದೆ. ಬಸುರಿ ಹುಡುಗಿಯ ರಿಪೋರ್ಟಿನಲ್ಲಿ 1.0 ಎಂದು ಕಂಡರೆ, ಲ್ಯಾಬಿನ ಮಿತಿಯೊಳಗೆ ಇದ್ದರೂ, ನಾವು ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಕೈಗೆತ್ತಿಕೊಳ್ಳುತ್ತೇವೆ.

ಆದ್ದರಿಂದಲೇ ‘ಕೆಡಿಗೋ’ ಎಂಬ ಅಂತಾರಾಷ್ಟ್ರೀಯ ಕಿಡ್ನಿ ತಜ್ಞರ ಬಳಗ 2012ರಲ್ಲಿ ಕೊಟ್ಟ ಅಳತೆಗೋಲಿನಲ್ಲಿ ನಕ್ಷತ್ರಕ್ಕೆ ಸ್ಥಾನವೇ ಇಲ್ಲ. 48 ಗಂಟೆಗಳೊಳಗೆ ಕ್ರಿಯಾಟಿನಿನ್ 0.3 ಏರಿದರೂ ಸಾಕು, ಏಳು ದಿನದೊಳಗೆ ಮೊದಲಿನ ಒಂದೂವರೆ ಪಟ್ಟಾದರೂ ಸಾಕು, ಅಥವಾ ಆರು ಗಂಟೆ ಕಾಲ ಮೂತ್ರ ಕಿಲೋಗೆ ಗಂಟೆಗೆ ಅರ್ಧ ಎಂ.ಎಲ್.ಗಿಂತ ಕಡಿಮೆ ಬಂದರೂ ಸಾಕು, ಕಿಡ್ನಿಗೆ ದಿಢೀರ್ ಪೆಟ್ಟು ಬಿದ್ದಿದೆ ಎಂದೇ ತಿಳಿಯಬೇಕು. ಈ ಮೂರನೆಯದಕ್ಕೆ ಲ್ಯಾಬ್ ಬೇಡ, ಯಂತ್ರ ಬೇಡ. ಗಂಟೆಗೊಮ್ಮೆ ಬಗ್ಗಿ ನೋಡುವ ಒಬ್ಬ ನರ್ಸ್ ಸಾಕು. ನಲ್ವತ್ತು ರೋಗಿಗಳಿಗೆ ಇಬ್ಬರು ನರ್ಸುಗಳಿರುವ ವಾರ್ಡಿನಲ್ಲಿ ಆ ಬಗ್ಗುವ ಕೆಲಸವೇ ಮೊದಲು ತಪ್ಪಿಹೋಗುವುದು ಎಂಬುದನ್ನೂ ಹೇಳಬೇಕು.

ಈಗೀಗ ರಿಪೋರ್ಟಿನ ಕೆಳಗೆ ‘ಇ-ಜಿ.ಎಫ್.ಆರ್.’ ಎಂದು ಇನ್ನೊಂದು ಅಂಕೆಯನ್ನು ಕಂಪ್ಯೂಟರ್ ತಾನೇ ಅಚ್ಚು ಹಾಕುತ್ತದೆ. ಕಿಡ್ನಿ ನಿಮಿಷಕ್ಕೆ ಎಷ್ಟು ಎಂ.ಎಲ್. ಸೋಸುತ್ತದೆ ಎಂಬ ಅಂದಾಜು ಅದು. ತಿಂಗಳುಗಟ್ಟಲೆ ಒಂದೇ ಸ್ಥಿತಿಯಲ್ಲಿರುವ ಕಿಡ್ನಿಗೆ ಒಳ್ಳೆಯ ಲೆಕ್ಕ. ದಿನದಿಂದ ದಿನಕ್ಕೆ ಏರಿಳಿಯುವ ರೋಗಿಗೆ ಹೊಂದುವುದಿಲ್ಲ. ಕಣಿ ಕಟ್ಟಿ ಹತ್ತು ನಿಮಿಷವೂ ಆಗದಾಗ ನೀರಿನ ಮಟ್ಟ ಅಳೆದು ‘ಕಣಿ ಚೆನ್ನಾಗಿದೆ’ ಎಂದ ಹಾಗೆ.

ಯೂರಿಯಾದ ಕತೆ

ಆ ರಾತ್ರಿ ನಾನು ಬದಿಗಿಟ್ಟ ಯೂರಿಯಾ 58ರಲ್ಲಿಯೂ ಸುಳಿವಿತ್ತು. ನಮ್ಮ ಲ್ಯಾಬುಗಳು ಹೆಚ್ಚಾಗಿ ‘ಬ್ಲಡ್ ಯೂರಿಯಾ’ ಬರೆಯುತ್ತವೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇರುವುದು ‘ಬಿ.ಯು.ಎನ್.’, ಅಂದರೆ ಯೂರಿಯಾದೊಳಗಿನ ಸಾರಜನಕ ಮಾತ್ರ. ಯೂರಿಯಾವನ್ನು 2.14ರಿಂದ ಭಾಗಿಸಿದರೆ ಬಿ.ಯು.ಎನ್. ಸಿಗುತ್ತದೆ. 58 ಎಂದರೆ 27. ಅದು ಕ್ರಿಯಾಟಿನಿನ್‌ನ ಇಪ್ಪತ್ತು ಪಟ್ಟಿಗಿಂತ ಹೆಚ್ಚಿದ್ದರೆ, ಕಿಡ್ನಿಗೆ ರಕ್ತ ಸಾಲದೆ ಬಂದ ತೊಂದರೆ ಇರಬಹುದು ಎಂದು ಸಂಶಯಪಡಬೇಕು. ಸಮಯಕ್ಕೆ ನೀರು ಕೊಟ್ಟರೆ ಅದು ಹಿಂದಿರುಗುತ್ತದೆ. ಆ ಅಮ್ಮನದ್ದು ಇಪ್ಪತ್ತನಾಲ್ಕು ಪಟ್ಟಿಗೂ ಹೆಚ್ಚು. ಆದರೆ ಯೂರಿಯಾ ಒಂದನ್ನೇ ನಂಬಿದರೂ ಮೋಸ. ಹೊಟ್ಟೆಯ ಹುಣ್ಣು ಒಡೆದು ಒಳಗೇ ರಕ್ತ ಸೋರಿದರೂ ಯೂರಿಯಾ ಏರುತ್ತದೆ, ಸ್ಟಿರಾಯ್ಡ್ ಕೊಟ್ಟರೂ ಏರುತ್ತದೆ. ಯೂರಿಯಾ ಮಾತ್ರ ಜಿಗಿದ ರೋಗಿಯ ಮಲ ಕಪ್ಪಗಿದೆಯೇ ಎಂದು ಕೇಳಲು ನಾಚಬಾರದು.

ಗಲ್ಫ್ ಮನೆಗಳಿಗೆ ಇನ್ನೊಂದು ಮಾತು. ಕುವೈಟಿನಿಂದ ಮಗ ತನ್ನ ರಿಪೋರ್ಟಿನ ಫೋಟೋ ಕಳಿಸಿದ, ಕ್ರಿಯಾಟಿನಿನ್ 98 ಎಂದಿದೆ ಎಂದು ಒಬ್ಬ ತಾಯಿ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಅಲ್ಲಿ ಅಳೆಯುವ ಮಾನ ಬೇರೆ, ಮೈಕ್ರೋಮೋಲ್. 88.4ರಿಂದ ಭಾಗಿಸಿದರೆ ನಮ್ಮ ಲೆಕ್ಕ: 1.1. ಅಂಕೆಯ ಮುಂದಿರುವ ಸಣ್ಣಕ್ಷರವನ್ನೂ ಓದಬೇಕು.

ಅಂದ ಹಾಗೆ, ಕ್ರಿಯಾಟಿನಿನ್ ಕಂಡುಹಿಡಿಯುವ ಬಣ್ಣದ ಪರೀಕ್ಷೆ ತುಂಬಾ ಹಳೆಯದು. ಮ್ಯಾಕ್ಸ್ ಯಾಫೆ ಎಂಬ ಜರ್ಮನ್ ವಿಜ್ಞಾನಿ 1886ರಲ್ಲಿ ತೋರಿಸಿಕೊಟ್ಟ ಕಿತ್ತಳೆ ಬಣ್ಣದ ಕ್ರಿಯೆ ಇಂದಿಗೂ ಎಷ್ಟೋ ಲ್ಯಾಬುಗಳಲ್ಲಿ ಬಳಕೆಯಲ್ಲಿದೆ. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿ ರಕ್ತದಲ್ಲಿ ಕೀಟೋನ್ ತುಂಬಿದವರಲ್ಲಿ ಆ ವಿಧಾನ ಕ್ರಿಯಾಟಿನಿನ್‌ಅನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದು, ಕಾಮಾಲೆ ತೀವ್ರವಾದವರಲ್ಲಿ ಕಡಿಮೆ ತೋರಿಸಬಹುದು. ಅದೇ 1886ರಲ್ಲಿ ಅಡಾಲ್ಫ್ ವೈಲ್ ಎಂಬ ಇನ್ನೊಬ್ಬ ಜರ್ಮನ್ ವೈದ್ಯರು ಕಾಮಾಲೆಯೂ ಕಿಡ್ನಿ ತೊಂದರೆಯೂ ಕೂಡಿ ಬರುವ ಒಂದು ಜ್ವರವನ್ನು ವರ್ಣಿಸಿದರು. ಅದೇ ನಮ್ಮ ಇಲಿಜ್ವರದ ಉಗ್ರರೂಪ.

ಈ ಇಲಿಜ್ವರ ಗದ್ದೆ, ತೋಟ, ಚರಂಡಿಯಲ್ಲಿ ಬರಿಗಾಲಲ್ಲಿ ದುಡಿಯುವವರ ಕಾಯಿಲೆ. ನರ್ಸುಗಳನ್ನು ಇದು ಮೋಸಗೊಳಿಸುವ ರೀತಿಯೇ ಬೇರೆ. ಕ್ರಿಯಾಟಿನಿನ್ ಏರುತ್ತಿದ್ದರೂ ಎಷ್ಟೋ ಸಲ ಮೂತ್ರ ಧಾರಾಳ ಬರುತ್ತಲೇ ಇರುತ್ತದೆ. ಕಿಡ್ನಿ ಕೆಟ್ಟರೆ ಏರಬೇಕಾದ ಪೊಟ್ಯಾಸಿಯಂ ಇದರಲ್ಲಿ ಇಳಿಯುವುದೂ ಉಂಟು. ಮೂತ್ರ ಚೆನ್ನಾಗಿದೆ ಎಂದು ನಾನು ಮೇಲೆ ಹೇಳಿದ ಸಮಾಧಾನ ಇಲ್ಲಿ ನಡೆಯದು. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಇದ್ದ ತೋಟದ ಕೆಲಸಗಾರನಿಗೆ ಹರಿವು ಮತ್ತು ಮಟ್ಟ ಎರಡನ್ನೂ ದಿನವೂ ನೋಡಲೇಬೇಕು.

ಪೊಟ್ಯಾಸಿಯಂ ಮತ್ತು ಬೊಂಡ

ತುರ್ತು ವಾರ್ಡಿನಲ್ಲಿ ನಮ್ಮ ಎದೆ ಡವಗುಟ್ಟಿಸುವ ಅಂಕೆ ಕ್ರಿಯಾಟಿನಿನ್ ಅಲ್ಲ, ಪೊಟ್ಯಾಸಿಯಂ. 3.5ರಿಂದ 5ರೊಳಗೆ ಇರಬೇಕು. ಆರೂವರೆ ದಾಟಿದರೆ ಹೃದಯ ಯಾವ ಗಳಿಗೆಯಲ್ಲೂ ತಾಳ ತಪ್ಪಬಹುದು. ಆದರೆ ಈ ಅಂಕೆಯನ್ನು ಕೆಡಿಸುವುದರಲ್ಲಿ ನಮ್ಮ ಕೈಯೂ ಇದೆ. ಪೊಟ್ಯಾಸಿಯಂ ಇರುವುದು ಬಹುಪಾಲು ಜೀವಕೋಶದೊಳಗೆ. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೆ, ಮುಷ್ಟಿ ಬಿಚ್ಚಿ ಮುಚ್ಚಿಸಿದರೆ, ಸಣ್ಣ ಸೂಜಿಯಿಂದ ಬಲವಾಗಿ ಎಳೆದರೆ, ಜೀವಕೋಶದೊಳಗಿದ್ದದ್ದು ಹೊರಬಂದು ಇಲ್ಲದ ಪೊಟ್ಯಾಸಿಯಂ ರಿಪೋರ್ಟಿನಲ್ಲಿ ಕಾಣುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲೇ ಪೊಟ್ಯಾಸಿಯಂ ಲವಣ ಇರುತ್ತದೆ. ಅದಕ್ಕೆ ಹಾಕಿದ ರಕ್ತವನ್ನು ಬೇರೆ ಟ್ಯೂಬಿಗೆ ಸುರಿದರೂ ಅದೇ ಗತಿ. ಡ್ರಿಪ್ ಹೋಗುತ್ತಿರುವ ಕೈಯಿಂದ ರಕ್ತ ತೆಗೆದರಂತೂ ಲ್ಯಾಬಿಗೆ ಹೋಗುವುದು ಅರ್ಧ ಸಲೈನೇ.

ಹಾಗಾದರೆ 6.8 ಎಂದು ಫೋನು ಬಂದಾಗ ಸ್ಯಾಂಪಲ್ ಕೆಟ್ಟಿರಬಹುದು ಎಂದು ಸುಮ್ಮನಿರಬಹುದೇ? ಎಂದಿಗೂ ಇಲ್ಲ. ಡಾಕ್ಟರಿಗೆ ತಿಳಿಸಿ, ಇನ್ನೊಂದು ಕೈಯಿಂದ ಹೊಸ ರಕ್ತ ಕಳಿಸಿ, ಅದು ಬರುವಷ್ಟರಲ್ಲಿ ಇ.ಸಿ.ಜಿ. ತೆಗೆಯುತ್ತೇವೆ. ಟಿ ಅಲೆಗಳು ಗುಡಾರದ ಹಾಗೆ ಚೂಪಾಗಿ ಎದ್ದಿದ್ದರೆ ಎರಡನೆಯ ರಿಪೋರ್ಟಿಗೆ ಕಾಯುವುದಿಲ್ಲ. ಇ.ಸಿ.ಜಿ. ಸರಿಯಿದ್ದರೂ ಮಾನಿಟರ್ ತೆಗೆಯುವುದಿಲ್ಲ. ಕ್ಯಾಲ್ಸಿಯಂ ಗ್ಲುಕೋನೇಟ್ ಹೃದಯವನ್ನು ಕಾಯುತ್ತದೆ. ಗ್ಲುಕೋಸ್ ಜೊತೆಗಿನ ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶದೊಳಗೆ ತಾತ್ಕಾಲಿಕವಾಗಿ ತಳ್ಳುತ್ತದೆ. ಮೈಯಿಂದ ಹೊರಹೋಗಬೇಕಾದರೆ ಮೂತ್ರ ಬರಬೇಕು, ಇಲ್ಲವೇ ಮಲದ ಮೂಲಕ ಹೊರಹಾಕುವ ಔಷಧ ಬೇಕು, ಅದೂ ಆಗದಿದ್ದರೆ ಡಯಾಲಿಸಿಸ್.

ಇಲ್ಲಿಯೇ ನಮ್ಮವರ ಪ್ರೀತಿ ಅಪಾಯ ತರುವುದು. ಮೂತ್ರ ಕಮ್ಮಿ, ಸುಸ್ತು ಎಂದ ಕೂಡಲೇ ಮನೆಯವರು ಮರದಿಂದ ಬೊಂಡ ಇಳಿಸಿ, ಬಾಟಲಿಗೆ ತುಂಬಿ, ನಮ್ಮ ಕಣ್ಣು ತಪ್ಪಿಸಿ ಕುಡಿಸುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಸಮೃದ್ಧ. ಭೇದಿಯಾದವನಿಗೆ ಅದು ಅಮೃತವೇ ಇರಬಹುದು, ಮೂತ್ರ ನಿಂತವನಿಗೆ ವಿಷ.

ಬಿಂಬುಳಿಯದ್ದೂ ಇಂಥದೇ ಕತೆ. ಮಲಯಾಳದಲ್ಲಿ ಇರುಂಬನ್ ಪುಳಿ ಎನ್ನುವ, ನಮ್ಮ ಮೀನುಸಾರಿಗೂ ಉಪ್ಪಿನಕಾಯಿಗೂ ಬೀಳುವ ಆ ಹುಳಿಕಾಯಿಯನ್ನು ಕೊಲೆಸ್ಟರಾಲ್ ಇಳಿಯುತ್ತದೆಂದು ಲೋಟಗಟ್ಟಲೆ ರಸ ಹಿಂಡಿ ಕುಡಿದು ಕಿಡ್ನಿ ಕೆಟ್ಟ 10 ಮಂದಿಯ ವರದಿ ಕೇರಳದಿಂದ 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅದರಲ್ಲಿರುವ ಆಕ್ಸಲೇಟ್ ಹರಳುಗಟ್ಟಿ ಕಿಡ್ನಿಯ ನಳಿಕೆಗಳಲ್ಲಿ ಕೂರುತ್ತದೆ. ಕೆಲವರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಸಾರಿಗೆ ಹಾಕುವ ನಾಲ್ಕು ಕಾಯಿಗೆ ಹೆದರಬೇಕಿಲ್ಲ, ಮಾತು ಬರಿಹೊಟ್ಟೆಯ ರಸದ್ದು. ಆದರೆ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ‘ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ’ ಎಂದರೆ ಮಾತ್ರೆಯ ಹೆಸರಷ್ಟೇ ಬರುತ್ತದೆ. ರಸ, ಕಷಾಯ, ಚೂರ್ಣ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ.

ಕೊಳಕುಮಂಡಲ ಹಾವು ಕಚ್ಚಿ ಬಂದವರಲ್ಲಿ ನಾವು ಅಳತೆಯ ಜೊತೆ ಮೂತ್ರದ ಬಣ್ಣವನ್ನೂ ಬರೆಯುತ್ತೇವೆ. ಕಟ್ಟಂಚಾಯದ ಬಣ್ಣಕ್ಕೆ ತಿರುಗಿದರೆ ಕ್ರಿಯಾಟಿನಿನ್ ಏರುವ ಮೊದಲೇ ಎಚ್ಚರ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ ಕುಸಿದ ಮನೆಗಳಡಿ ಕಾಲು ಜಜ್ಜಿಹೋದವರಲ್ಲಿ ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ಇದೇ ಕಂದು ಮೂತ್ರವನ್ನು ಕಂಡು 1941ರಲ್ಲಿ ಬರೆದರು. ಹೊರತೆಗೆದಾಗ ಮಾತನಾಡುತ್ತಿದ್ದ ಆ ರೋಗಿಗಳು ಮೂತ್ರ ನಿಂತು ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ಆಗ ಮಾಡಲು ಏನೂ ಇರಲಿಲ್ಲ. ನೆದರ್‌ಲ್ಯಾಂಡಿನ ವಿಲ್ಲೆಮ್ ಕಾಲ್ಫ್ ಎಂಬ ವೈದ್ಯರು 1943ರಲ್ಲಿ ಡಯಾಲಿಸಿಸ್ ಯಂತ್ರ ಕಟ್ಟಿದರೂ, ಅದರಿಂದ ಮೊದಲ ಜೀವ ಉಳಿದದ್ದು 1945ರಲ್ಲಿ.

ಮನೆಯವರಿಂದ ನಮಗೆ ಬೇಕಾದದ್ದು ದೊಡ್ಡದೇನಲ್ಲ. ಹಳೆಯ ರಿಪೋರ್ಟು ತನ್ನಿ, ಸರಿಯಾದ ತೂಕ ಹೇಳಿ, ಚೀಲ ತುಂಬಿದೆ ಎಂದು ನೀವೇ ಖಾಲಿ ಮಾಡಬೇಡಿ, ಕದ್ದು ಕುಡಿಸಿದ್ದರೆ ಕದ್ದದ್ದನ್ನೇ ಬಂದು ಹೇಳಿ. ನಾವು ಬೈಯಬಹುದು, ಆದರೂ ಹೇಳಿ. ಹಳೆಯ ರಿಪೋರ್ಟಿನ ಮಾತು ಗಡಿನಾಡಿನವರಾದ ನಮಗೆ ಇನ್ನೂ ಮುಖ್ಯ. ಜ್ವರಕ್ಕೆ ಊರಿನ ಆಸ್ಪತ್ರೆ, ದೊಡ್ಡ ಕಾಯಿಲೆಗೆ ಮಂಗಳೂರು ಎಂದು ನಮ್ಮ ದಾಖಲೆಗಳು ಎರಡು ರಾಜ್ಯಗಳಲ್ಲಿ ಹಂಚಿಹೋಗಿವೆ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಕಾರಣಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರು ಇತ್ತ ಉಳಿದರು, ಅವರ ಫೈಲು ಅತ್ತ ಉಳಿಯಿತು. ಪರಿಚಯದ ಮನೆಗಳಿಂದ ನನಗೆ ಬರುತ್ತಿದ್ದ ಫೋನುಗಳಲ್ಲಿ ಹೆಚ್ಚಿನವು, ‘ಕಳೆದ ಸಲ ಎಷ್ಟಿತ್ತು ಅಂತ ಇಲ್ಲಿಯ ಡಾಕ್ಟ್ರು ಕೇಳ್ತಾರೆ ಸಿಸ್ಟರ್, ಎಲ್ಲಿಂದ ಹೇಳುವುದು?’ ಎಂಬುದೇ. ಮೊಬೈಲಿನಲ್ಲಿ ಫೋಟೋ ಇದ್ದರೂ ಸಾಕು.

ಕಳೆದ ತಿಂಗಳು ನನ್ನನ್ನು ಬದಿಗೆ ಕರೆದ ಹಿರಿಯರು ತೋರಿಸಿದ ಕಾಗದದಲ್ಲಿ ಕ್ರಿಯಾಟಿನಿನ್ 1.2 ಇತ್ತು. ನಕ್ಷತ್ರ ಇರಲಿಲ್ಲ. “ಹಳೆಯದು ಎಷ್ಟಿತ್ತು, ಮಾಮ?” ಎಂದು ಕೇಳಿದೆ. ಕಪಾಟಿನಲ್ಲಿ ಇರಬೇಕು ಎಂದರು. ಮುಂದಿನ ಭಾನುವಾರ ಹುಡುಕಿ ತಂದರು: ಮೂರು ವರ್ಷದ ಹಿಂದೆ 0.8, ಎರಡು ವರ್ಷದ ಹಿಂದೆ 0.9, ಕಳೆದ ವರ್ಷ 1.0. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಸೊಂಟನೋವಿಗೆ ಆಗಾಗ ನುಂಗುವ ಮಾತ್ರೆ ಬೇರೆ. ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿದ್ದೀರಾ ಎಂದರೆ ಯಾರೂ ಹೇಳಿಲ್ಲ ಎಂದರು. ನಾಲ್ಕೂ ಕಾಗದಗಳನ್ನು ವರ್ಷದ ಕ್ರಮದಲ್ಲಿ ಪಿನ್ ಮಾಡಿ, ನೋವಿನ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೂ ಅದರ ಜೊತೆ ಇಟ್ಟು, ಸೋಮವಾರವೇ ಡಾಕ್ಟರರನ್ನು ಕಾಣಲು ಕಳಿಸಿದೆ.